ಕಲಬುರಗಿಯ ಅಡುಗೆಮನೆಗೆ ಯಾವ ಶಟರ್? ಮೈಕಾದಿಂದ ಗಾಜಿನವರೆಗೆ ಒಂದು ವಿಮರ್ಶೆ

ಅಂಗಡಿಯವರು ಶಟರ್‌ನ, ಅಂದರೆ ಅಡುಗೆಮನೆ ಕಪಾಟಿನ ಬಾಗಿಲಿನ, ಸ್ಯಾಂಪಲ್ ತುಂಡು ಕೈಗಿಟ್ಟ ಕೂಡಲೇ ಅದನ್ನು ತಿರುಗಿಸಿ ಅಂಚು ನೋಡಿ. ಬಣ್ಣ, ಹೊಳಪು ಆಮೇಲೆ. ಅಡುಗೆಮನೆಯ ಬಾಗಿಲು ಕೆಡುವುದು ಬಹುಪಾಲು ಅಂಚಿನಿಂದಲೇ. ನೀರು ಅಲ್ಲಿಂದ ಒಳಸೇರುತ್ತದೆ, ಅಂಚಿಗೆ ಅಂಟಿಸಿದ ಪಟ್ಟಿ ಅಲ್ಲಿ ಬಾಯಿ ಬಿಡುತ್ತದೆ, ಬೋರ್ಡು ಅಲ್ಲಿಂದ ಉಬ್ಬುತ್ತ ಹೋಗುತ್ತದೆ. ಮುಖದ ಹಾಳೆ ಎಷ್ಟೇ ಚೆಂದವಿರಲಿ, ಅಂಚು ಕಟ್ಟಿದ ಕೆಲಸ ಕಳಪೆಯಾದರೆ ಆ ಬಾಗಿಲಿಗೆ ಆಯುಷ್ಯವಿಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಹೊಸ ಮನೆ ಕಟ್ಟುವವರಿಗೂ ಹಳೆ ಅಡುಗೆಮನೆ ಸರಿಪಡಿಸುವವರಿಗೂ ಅಂಗಡಿಯಲ್ಲಿ ತೋರಿಸುವ ಬಗೆಗಳು ಹೆಚ್ಚು ಕಡಿಮೆ ಒಂದೇ: ಮೈಕಾ, ಅಕ್ರಿಲಿಕ್, ಪಿವಿಸಿ ಮೆಂಬ್ರೇನ್, ಪಿಯು (ಪಾಲಿಯುರೆಥೇನ್) ಬಣ್ಣ, ಅಲ್ಯೂಮಿನಿಯಂ ಚೌಕಟ್ಟಿನ ಗಾಜು, ಸಾಗುವಾನಿ. ಇವನ್ನು ನಾವು ತೂಗಿರುವುದು ನಮ್ಮ ಹವೆಗೆ, ನಮ್ಮ ಅಡುಗೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮನೆ ಮುಚ್ಚಿ ನಾಲ್ಕು ದಿನ ಊರಿಗೆ ಹೋದರೆ ಪಡುವಣ ಗೋಡೆಯ ಅಡುಗೆಮನೆ ಒಳಗೊಳಗೇ ಕಾಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಅದೇ ಒಣಗಿದ ಕಟ್ಟಿಗೆ ತೇವ ಹೀರಿ ಹಿಗ್ಗುತ್ತದೆ. ಬೋರ್ ನೀರು ಗಡಸು, ಬಿದ್ದಲ್ಲಿ ಬಿಳಿ ಕಲೆ ಉಳಿಸುತ್ತದೆ. ಇದೆಲ್ಲದರ ಮೇಲೆ ಜೋಳದ ರೊಟ್ಟಿ. ಹಂಚಿನ ಕೆಳಗೆ ದೊಡ್ಡ ಉರಿ, ಬಡಿಯುವಾಗ ಹಾರುವ ಹಿಟ್ಟು, ರೊಟ್ಟಿಯ ಮೇಲೆ ಒದ್ದೆ ಬಟ್ಟೆ ಸವರಿದಾಗ ಏಳುವ ಹಬೆ. ಒಗ್ಗರಣೆಯ ಎಣ್ಣೆ ಹನಿಗೆ ಈ ಹಿಟ್ಟು ಕೂಡಿಕೊಂಡರೆ ಬಾಗಿಲ ಮೇಲೆ ಅಂಟು ಪದರವೇ ಕೂರುತ್ತದೆ. ಬೇರೆ ಊರಿನ ಅಡುಗೆಮನೆಯ ಫೋಟೊ ನೋಡಿ ಶಟರ್ ಆರಿಸುವವರು ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಒಳಗಿನ ಬೋರ್ಡು

ಶಟರ್‌ಗೂ ಬಾಕ್ಸಿಗೂ (ಬಾಗಿಲ ಹಿಂದಿನ ಗೂಡಿಗೂ) ಒಂದೇ ಬೋರ್ಡು ಹಾಕಬೇಕೆಂಬ ನಿಯಮವಿಲ್ಲ. ಬಾಕ್ಸಿಗೆ ಪ್ಲೈವುಡ್ಡೇ ಸರಿ, ಏಕೆಂದರೆ ಸ್ಕ್ರೂ ಅದರಲ್ಲಿ ಗಟ್ಟಿ ನಿಲ್ಲುತ್ತದೆ. ಪ್ಲೈ ಮೇಲಿನ ಐಎಸ್‌ಐ ಮುದ್ರೆಯಲ್ಲಿ ಐಎಸ್ 303 ಎಂದಿದ್ದರೆ ಅಷ್ಟಕ್ಕೇ ಸಮಾಧಾನ ಬೇಡ. ಅದರಲ್ಲಿ ಎಂಆರ್ (ತೇವ ತಾಳುವ), ಬಿಡಬ್ಲ್ಯೂಆರ್ (ಕುದಿನೀರು ತಾಳುವ) ಎಂದು ಎರಡು ದರ್ಜೆಗಳಿವೆ. ಎಂಆರ್ ಬಟ್ಟೆ ಕಪಾಟಿಗೆ, ಮಂಚಕ್ಕೆ ಸರಿ. ಅಡುಗೆಮನೆಗೆ ಬಿಡಬ್ಲ್ಯೂಆರ್‌ಗಿಂತ ಕೆಳಗಿಳಿಯಬಾರದು. ಸಿಂಕ್ ಕೆಳಗಿನ ಬಾಕ್ಸಿಗೆ ಐಎಸ್ 710, ಅಂದರೆ ಮರೀನ್ ಪ್ಲೈ ಹಾಕಿಸಿ. ಅದನ್ನು 72 ಗಂಟೆ ಕುದಿಸಿ ಪರೀಕ್ಷಿಸುವ ನಿಯಮವಿದೆ.

ಶಟರ್ ವಿಷಯದಲ್ಲಿ ಲೆಕ್ಕ ಬೇರೆ. ಬಾಗಿಲು ಹಿಂಜಿನ ಮೇಲೆ ತೂಗುವ ಬಿಡಿ ಹಲಗೆ. ಅದಕ್ಕೆ ಬಲಕ್ಕಿಂತ ಮಟ್ಟಸವಾಗಿ ಉಳಿಯುವ ಗುಣ ಮುಖ್ಯ. ಪ್ಲೈಯ ಪದರಗಳಲ್ಲಿ ಒಂದು ಕಡೆ ತೇವ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಎತ್ತರದ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಎಚ್‌ಡಿಎಚ್‌ಎಂಆರ್ ಎಂದು ಮಾರುವ, ಕಟ್ಟಿಗೆ ನಾರನ್ನು ಒತ್ತಿ ಮಾಡಿದ ಬೋರ್ಡು ಇದಕ್ಕಿಂತ ಮಟ್ಟ ಕಾಯ್ದುಕೊಳ್ಳುತ್ತದೆ, ಅದೇ ಬಗೆಯ ಸಾದಾ ಎಂಡಿಎಫ್‌ಗಿಂತ ನೀರಿಗೂ ಹೆಚ್ಚು ತಾಳುತ್ತದೆ. ಆದರೆ ಭಾರ. 720 ಮಿ.ಮೀ. ಎತ್ತರ, 450 ಮಿ.ಮೀ. ಅಗಲ, 18 ಮಿ.ಮೀ. ದಪ್ಪದ ಒಂದು ಬಾಗಿಲೇ ಸುಮಾರು 5 ಕೆ.ಜಿ. ತೂಗುತ್ತದೆ. ಅದೇ ಅಳತೆಯ ಪ್ಲೈ ಬಾಗಿಲು 4 ಕೆ.ಜಿ.ಯೊಳಗೆ ಇರುತ್ತದೆ. ಹಾಗಾಗಿ ಅಗ್ಗದ ಹಿಂಜಿಗೂ ಈ ಬೋರ್ಡಿಗೂ ಜೊತೆ ಕೂಡುವುದಿಲ್ಲ.

ಬೋರ್ಡಿನ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಅಂಗಡಿಯಲ್ಲಿ ನಾಲ್ಕು ಇಂಚಿನ ಚೌಕ ತುಂಡು ಕೇಳಿ ತನ್ನಿ. ಅಂಚಿನ ದಪ್ಪವನ್ನು ವರ್ನಿಯರ್‌ನಿಂದ ಅಳೆದು ಬರೆದಿಡಿ, ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ಮತ್ತೆ ಅಳೆಯಿರಿ. ಸಾದಾ ಎಂಡಿಎಫ್ ಅಂಚು ಕಣ್ಣಿಗೇ ಕಾಣುವಷ್ಟು ಊದಿರುತ್ತದೆ. ಪ್ಲೈ ಆದರೆ ಪದರ ಬಿಟ್ಟಿದೆಯೇ ಎಂದು ಉಗುರು ತೂರಿಸಿ ನೋಡಿ. ಪ್ಲೈ ತುಂಡನ್ನು ಮೂರು ನಾಲ್ಕು ಗಂಟೆ ಕುದಿಸಿದರೆ ಎಂಆರ್ ಮಾಲನ್ನು ಬಿಡಬ್ಲ್ಯೂಆರ್ ಎಂದು ಕೊಟ್ಟಿದ್ದರೆ ಗುಟ್ಟು ಬಯಲಾಗುತ್ತದೆ.

ಮೈಕಾ: ನಮ್ಮ ಮೊದಲ ಆಯ್ಕೆ

ಸನ್‌ಮೈಕಾ ಎಂದೇ ಎಲ್ಲರೂ ಕರೆಯುವ ಲ್ಯಾಮಿನೇಟ್ ಹಾಳೆಗೆ ನಮ್ಮ ಕಡೆಯ ಅಡುಗೆಮನೆಯಲ್ಲಿ ಸಾಟಿ ಇಲ್ಲ ಎಂಬುದೇ ನಮ್ಮ ತೀರ್ಮಾನ. ಉಜ್ಜಿದರೆ ಗೀರು ಬೀಳುವುದು ಕಡಿಮೆ, ಬಿಸಿ ತಾಳುತ್ತದೆ, ಅರಿಶಿಣ ಖಾರ ಬಿದ್ದರೆ ಒರೆಸಿ ತೆಗೆಯಬಹುದು. ಹೊರಮುಖಕ್ಕೆ 1 ಮಿ.ಮೀ. ಹಾಳೆ ಬೇಕು. ಒಳಮುಖಕ್ಕೆ 0.7 ಅಥವಾ 0.8 ಮಿ.ಮೀ. ಹಾಕುವುದು ರೂಢಿ, ಎರಡೂವರೆ ಅಡಿಯೊಳಗಿನ ಬಾಗಿಲಿಗೆ ಅದು ನಡೆಯುತ್ತದೆ. ನಾಲ್ಕು ಅಡಿ ಮೀರಿದ ಉದ್ದ ಬಾಗಿಲಿಗೆ ಎರಡೂ ಕಡೆ 1 ಮಿ.ಮೀ. ಹಾಕಿಸಿ. ಎರಡು ಮುಖದ ಹಾಳೆ ಸಮ ದಪ್ಪವಿದ್ದರೆ ಎಳೆತವೂ ಸಮವಾಗಿರುತ್ತದೆ, ಬಾಗಿಲು ಬಾಗುವುದಿಲ್ಲ. ಒಳಗೆ ಮೈಕಾ ಬಿಟ್ಟು ಬರೀ ಪೇಂಟ್ ಹೊಡೆದು ದುಡ್ಡು ಉಳಿಸುವ ಸಲಹೆ ಯಾರು ಕೊಟ್ಟರೂ ಒಪ್ಪಬೇಡಿ. ಆ ಬಾಗಿಲು ಮೊದಲ ಮಳೆಗಾಲದಲ್ಲೇ ಬಾಗುವ ಸಂಭವ ಹೆಚ್ಚು.

ಹೊಳಪು ಮೈಕಾ ಬೇಡ, ಹೊಳಪಿಲ್ಲದ ಮ್ಯಾಟ್ ಅಥವಾ ಸ್ವೀಡ್ ತೆಗೆದುಕೊಳ್ಳಿ. ಬಣ್ಣದ ವಿಷಯದಲ್ಲಿ ಎರಡು ತುದಿಗೆ ಹೋಗದಿದ್ದರೆ ಒಳ್ಳೆಯದು. ಕಡುಕಪ್ಪು, ಕಡುನೀಲಿ ಮ್ಯಾಟ್ ಮೇಲೆ ಜೋಳದ ಹಿಟ್ಟಿನ ಕೈ ಗುರುತು, ಬೋರ್ ನೀರಿನ ಬಿಳಿ ಕಲೆ ಎದ್ದು ಕಾಣುತ್ತವೆ. ಅಚ್ಚ ಬಿಳಿಯ ಮೇಲೆ ಅರಿಶಿಣ. ಬೂದು, ಮಣ್ಣಿನ ಬಣ್ಣ, ತಿಳಿ ಕಟ್ಟಿಗೆಯ ಗೆರೆ ಇರುವ ಹಾಳೆಗಳಲ್ಲಿ ಎರಡೂ ಅಡಗುತ್ತವೆ. ಬೆರಳಚ್ಚು ಹಿಡಿಯದ ಮೈಕಾ ಎಂದು ಹೆಚ್ಚು ದರಕ್ಕೆ ಮಾರುವುದು ಒಣ ಬೆರಳಿಗೆ ನಿಜ, ಎಣ್ಣೆ ಕೈಗೆ ಅಲ್ಲ. ಸ್ಯಾಂಪಲ್ ಹಾಳೆಯನ್ನು ಅಂಗಡಿಯ ಬಿಳಿ ಬೆಳಕಲ್ಲಿ ನೋಡಿ ಮುಗಿಸಬೇಡಿ. ಅದನ್ನು ಮನೆಗೆ ತಂದು ಕಟ್ಟೆಯ ಕಲ್ಲಿನ ಪಕ್ಕ ನಿಲ್ಲಿಸಿ, ನೀವು ಹಾಕಲಿರುವ ಬಲ್ಬಿನ ಬೆಳಕಿನಲ್ಲಿ, ರಾತ್ರಿ ಹೊತ್ತು ನೋಡಿ. ಹಳದಿ ಬೆಳಕಿನಲ್ಲಿ ಬೂದು ಬಣ್ಣ ಕೆಸರಿನ ಹಾಗೆ ಕಾಣುವುದುಂಟು.

ಅಂಚಿನ ಪಟ್ಟಿ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಶಟರ್‌ನ ನಾಲ್ಕೂ ಅಂಚಿಗೆ 2 ಮಿ.ಮೀ. ಪಿವಿಸಿ ಪಟ್ಟಿ, ಬಾಕ್ಸಿನ ಅಂಚಿಗೆ 0.8 ಮಿ.ಮೀ. ಪಟ್ಟಿ. ಇದನ್ನು ಎರಡು ರೀತಿಯಲ್ಲಿ ಕಟ್ಟುತ್ತಾರೆ. ಮನೆಗೇ ಬಂದು ಕೆಲಸ ಮಾಡುವ ಮಿಸ್ತ್ರಿ ರಬ್ಬರ್ ಅಂಟು ಸವರಿ, ಪಟ್ಟಿ ಒತ್ತಿ, ಬ್ಲೇಡಿನಿಂದ ಹೆಚ್ಚಾದದ್ದನ್ನು ಕತ್ತರಿಸುತ್ತಾರೆ. ಕೈಚಳಕವಿರುವ ಮಿಸ್ತ್ರಿ ಮಾಡಿದ್ದು ಮೊದಲ ದಿನ ಮೆಷಿನ್ ಕೆಲಸದಂತೆಯೇ ಕಾಣುತ್ತದೆ. ಆದರೆ ಬೇಸಿಗೆಯ ಧಗೆಗೆ ಸಾದಾ ರಬ್ಬರ್ ಅಂಟು ಮೆದುವಾಗಿ ಪಟ್ಟಿ ಕೂದಲೆಳೆಯಷ್ಟು ಜರುಗುತ್ತದೆ. ಆ ಸಂದಿಗೆ ಎಣ್ಣೆ, ಹಿಟ್ಟು, ಧೂಳು ತುಂಬಿ ಬಾಗಿಲ ಸುತ್ತ ಕಪ್ಪು ಗೆರೆ ಮೂಡುತ್ತದೆ. ಆ ಗೆರೆಯನ್ನು ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಏಕೆಂದರೆ ಕೊಳೆ ಪದರದ ಒಳಗಿದೆ. ಮಿಸ್ತ್ರಿಯಿಂದಲೇ ಮಾಡಿಸುವುದಾದರೆ ಬಿಸಿ ತಾಳುವ ಅಂಟು, ಉದಾಹರಣೆಗೆ ಫೆವಿಕಾಲ್ ಹೀಟ್‌ಎಕ್ಸ್, ನೀವೇ ತಂದುಕೊಡಿ.

ಇನ್ನೊಂದು, ಎಡ್ಜ್ ಬ್ಯಾಂಡಿಂಗ್ ಮೆಷಿನ್. ಇದರಲ್ಲೂ ಎರಡು ಬಗೆಯ ಅಂಟುಗಳಿವೆ. ಹೆಚ್ಚು ಕಡೆ ಬಳಸುವುದು ಇವಿಎ. ಕಾಯಿಸಿದರೆ ಕರಗಿ, ತಣ್ಣಗಾದರೆ ಗಟ್ಟಿಯಾಗುವ ಅಂಟು ಅದು, ಮತ್ತೆ ಕಾದರೆ ಮತ್ತೆ ಮೆದುವಾಗುತ್ತದೆ. ಪಿಯುಆರ್ ಅಂಟು ಗಾಳಿಯ ತೇವದೊಡನೆ ಬೆರೆತು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಎಲ್ಲ ಬಾಗಿಲಿಗೂ ಪಿಯುಆರ್ ದುಬಾರಿ ಎನಿಸಿದರೆ ಒಲೆಯ ಎಡಬಲದ ಬಾಗಿಲು, ಒಲೆ ಮೇಲಿನ ಬಾಗಿಲು, ಸಿಂಕ್ ಕೆಳಗಿನ ಜೋಡಿ, ಇಷ್ಟಕ್ಕಾದರೂ ಕೇಳಿ.

ಪರೀಕ್ಷೆ ಸರಳ. ತೋರುಬೆರಳ ಉಗುರನ್ನು ಮುಖದಿಂದ ಅಂಚಿನ ಕಡೆಗೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದೆ ಜಾರಬೇಕು. ಮೂಲೆಯಲ್ಲಿ ಎರಡು ಪಟ್ಟಿ ಕೂಡುವಲ್ಲಿ ಬೆಳಕಿಗೆ ಹಿಡಿದು ನೋಡಿ, ಅಂಟಿನ ಬಿಳಿ ಗೆರೆ ಕಂಡರೆ ಅಂಟು ಹೆಚ್ಚಾಗಿದೆ ಇಲ್ಲವೇ ಒತ್ತಡ ಸಾಲದಾಗಿದೆ. ಕೊನೆಗೆ ಬಾಗಿಲ ತಳದ ಅಂಚು. ಕಣ್ಣಿಗೆ ಬೀಳದ ಜಾಗವೆಂದು ಅಲ್ಲಿ ಪಟ್ಟಿ ಬಿಟ್ಟುಬಿಡುವ ಚಾಳಿ ಇದೆ. ಸಿಂಕಿನಿಂದ ಇಳಿದ ಹನಿ ನಿಲ್ಲುವುದು ಆ ತಳದ ಅಂಚಿನಲ್ಲೇ. ಕೂಡಿಸಿದ ದಿನ ಪ್ರತಿ ಬಾಗಿಲ ತಳಕ್ಕೂ ಕೈಯಾಡಿಸಿ ನೋಡಿ.

ಅಕ್ರಿಲಿಕ್

ಕನ್ನಡಿಯ ಹೊಳಪು ಬೇಕೆಂದವರಿಗೆ ಈ ಹೊಳೆಯುವ ಪ್ಲಾಸ್ಟಿಕ್ ಮುಖವೇ. ಬಣ್ಣ ಆಳವಾಗಿ ಕಾಣುತ್ತದೆ, ಬಿಳಿ ಬೇಗ ಹಳದಿಗೆ ತಿರುಗುವುದಿಲ್ಲ. ಆದರೆ ನಮ್ಮ ಕಡೆಯ ಧೂಳಿಗೆ ಇದು ಸೂಕ್ಷ್ಮ. ಒಣ ಬಟ್ಟೆಯಿಂದ ಒರೆಸಿದರೆ ಧೂಳಿನ ಕಣವೇ ಗೀರು ಹಾಕುತ್ತದೆ, ಕಿಟಕಿಯ ಬೆಳಕು ಅಡ್ಡ ಬಿದ್ದಾಗ ಆ ಸಣ್ಣ ಗೀರುಗಳು ಜೇಡರ ಬಲೆಯಾಗಿ ಕಾಣುತ್ತವೆ. ಮೊದಲು ಒದ್ದೆ ಬಟ್ಟೆಯಿಂದ ಧೂಳು ಎತ್ತಿ, ಆಮೇಲೆ ಸೋಪಿನ ನೀರಲ್ಲಿ ಅದ್ದಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಥಿನ್ನರ್, ಸ್ಪಿರಿಟ್ ಸೋಕಿದರೆ ಮೇಲ್ಮೈಯಲ್ಲಿ ಕೂದಲಿನಂಥ ಬಿರುಕು ಬರುತ್ತದೆ. ರಕ್ಷಣೆಗೆಂದು ಅಂಟಿಸಿ ಬರುವ ಪ್ಲಾಸ್ಟಿಕ್ ಹಾಳೆಯನ್ನು ಗೃಹಪ್ರವೇಶದವರೆಗೆ ಬಿಡುವುದು ಸರಿ, ತಿಂಗಳುಗಟ್ಟಲೆ ಬಿಡುವುದು ತಪ್ಪು. ಬಿಸಿಲು ತಾಕಿ ಅದು ಅಂಟಿಕೊಂಡರೆ ಕೀಳುವಷ್ಟರಲ್ಲಿ ಸಾಕುಬೇಕಾಗುತ್ತದೆ. ಕಿತ್ತ ಮೇಲೆ ಕೆಲವು ದಿನ ಗಟ್ಟಿಯಾಗಿ ಒರೆಸಬಾರದು.

ಕೆಳಸಾಲಿಗೆ ಮ್ಯಾಟ್ ಮೈಕಾ, ಒಲೆಯಿಂದ ದೂರದ ಮೇಲ್ಸಾಲಿಗೆ ಅಕ್ರಿಲಿಕ್: ಈ ಜೋಡಣೆಯನ್ನು ನಾವು ಒಪ್ಪುತ್ತೇವೆ. ಇಡೀ ಅಡುಗೆಮನೆಗೆ ಅಕ್ರಿಲಿಕ್ ಬೇಡ.

ಮೆಂಬ್ರೇನ್, ಪಿವಿಸಿ ಬೋರ್ಡು

ಎಂಡಿಎಫ್ ಮೇಲೆ ಡಿಸೈನ್ ಕೊರೆದು, ಅದರ ಮೇಲೆ ಪಿವಿಸಿ ಹಾಳೆಯನ್ನು ಬಿಸಿಯಲ್ಲಿ ಎಳೆದು ಕೂಡಿಸಿದ್ದೇ ಮೆಂಬ್ರೇನ್ ಶಟರ್. ಮುಖಕ್ಕೆ ಜೋಡಿಕೆಯೇ ಇಲ್ಲದೆ ನಯವಾಗಿ ಕಾಣುತ್ತದೆ, ಕಡಿಮೆ ದುಡ್ಡಿಗೆ ಕೆತ್ತನೆಯ ಬಾಗಿಲು ಸಿಗುತ್ತದೆ, ಹಾಗಾಗಿ ಅಂಗಡಿಯಲ್ಲಿ ಮನಸ್ಸು ಸೋಲುವುದು ಸಹಜ. ಒಲೆ ಪಕ್ಕದಲ್ಲಿ ಮಾತ್ರ ಇದನ್ನು ಹಾಕಲೇಬೇಡಿ. ಬಿಸಿಯಿಂದ ಅಂಟಿದ್ದು ಬಿಸಿಗೇ ಬಿಡುತ್ತದೆ. ಮೊದಲು ಮೂಲೆಯಲ್ಲಿ ಹಾಳೆ ಕುಗ್ಗಿ ಹಿಂದೆ ಸರಿಯುತ್ತದೆ, ಆಮೇಲೆ ಕುಕ್ಕರ್ ಹಬೆ ಒಳಸೇರಿ ಎಂಡಿಎಫ್ ಊದುತ್ತದೆ. ಒಮ್ಮೆ ಬಿಟ್ಟ ಹಾಳೆಯನ್ನು ಮನೆಯಲ್ಲಿ ಮತ್ತೆ ಅಂಟಿಸುವ ದಾರಿಯಿಲ್ಲ, ಬಾಗಿಲೇ ಬದಲಿಸಬೇಕು.

ಗೆದ್ದಲಿಗೆ ಹೆದರಿ ಪೂರ್ತಿ ಪಿವಿಸಿ ಬೋರ್ಡಿನಲ್ಲೇ ಅಡುಗೆಮನೆ ಮಾಡಿಸುವವರಿದ್ದಾರೆ. ಬಾಕ್ಸಿಗೆ, ಅದೂ ಸಿಂಕ್ ಕೆಳಗೆ, ಅದು ಒಳ್ಳೆಯದೇ. ಆದರೆ ಉದ್ದನೆಯ ಬಾಗಿಲಿಗೆ ಹಾಕಿದರೆ ಬೇಸಿಗೆಯಲ್ಲಿ ಬಾಗುತ್ತದೆ, ಹಿಂಜಿನ ಸ್ಕ್ರೂ ಕಾಲಕ್ರಮೇಣ ಸಡಿಲಾಗುತ್ತದೆ.

ಪಿಯು ಬಣ್ಣ ಮತ್ತು ಚೌಕಟ್ಟಿನ ಬಾಗಿಲು

ಶೇಕರ್ ಶೈಲಿ, ಅಂದರೆ ಸುತ್ತ ಚೌಕಟ್ಟು, ನಡುವೆ ತಗ್ಗಿದ ಹಲಗೆ ಇರುವ ಬಾಗಿಲು, ಈಗ ಎಲ್ಲರ ಫೋನಿನಲ್ಲೂ ಇದೆ. ಎಚ್‌ಡಿಎಚ್‌ಎಂಆರ್ ಅಥವಾ ಎಂಡಿಎಫ್ ಮೇಲೆ ಕೊರೆದು ಪಿಯು ಬಣ್ಣ ಹೊಡೆದರೆ ಅದು ನಿಜಕ್ಕೂ ಸುಂದರ. ಇಲ್ಲಿನ ರೊಟ್ಟಿ ಅಡುಗೆಮನೆಯಲ್ಲಿ ಅದರ ಕೆಳಚೌಕಟ್ಟಿನ ಮೇಲಂಚು ಒಂದು ಪುಟ್ಟ ಮೆಟ್ಟಿಲು. 6 ಮಿ.ಮೀ. ಅಗಲದ ಆ ಮೆಟ್ಟಿಲ ಮೇಲೆ ಹಿಟ್ಟು ಕೂರುತ್ತದೆ, ಎಣ್ಣೆ ಆವಿ ಅದನ್ನು ಅಂಟಿಸುತ್ತದೆ, ಮೂಲೆ ನಾಲ್ಕೂ ಹಳದಿಗಪ್ಪಾಗುತ್ತವೆ. ವಾರಕ್ಕೊಮ್ಮೆ ಹಳೆ ಟೂತ್‌ಬ್ರಷ್ ಹಿಡಿದು ಕೂರುವ ತಾಳ್ಮೆ ಇದ್ದವರು ಹಾಕಿಸಬಹುದು. ಅಂಚನ್ನು ನೇರ 90 ಡಿಗ್ರಿಯಲ್ಲಿ ಕೊರೆಯುವ ಬದಲು ಓರೆಯಾಗಿ ಇಳಿಸಿದರೆ ಹಿಟ್ಟು ನಿಲ್ಲುವುದು ಕಡಿಮೆಯಾಗುತ್ತದೆ. ಮಿಸ್ತ್ರಿಗೆ ಇದನ್ನು ಮೊದಲೇ ಹೇಳಿ.

ಕೊರೆದ ಡಿಸೈನಿನಲ್ಲಿ ಇನ್ನೊಂದು ಅಪಾಯವಿದೆ. ಹಿಂಜಿನ ಬಟ್ಟಲಿಗೆ ಹಿಂದಿನಿಂದ 35 ಮಿ.ಮೀ. ವ್ಯಾಸದ, 12 ಮಿ.ಮೀ. ಆಳದ ಕುಳಿ ಕೊರೆಯುತ್ತಾರೆ. ಮುಂದಿನಿಂದ 6 ಮಿ.ಮೀ. ತಗ್ಗಿಸಿದ ಡಿಸೈನ್ ಅದೇ ಜಾಗಕ್ಕೆ ಬಂದರೆ 18 ಮಿ.ಮೀ. ಬೋರ್ಡಿನಲ್ಲಿ ಉಳಿಯುವುದು ಶೂನ್ಯ, ಬಾಗಿಲಿಗೆ ತೂತೇ ಬೀಳುತ್ತದೆ. ಸುತ್ತಲೂ ಕನಿಷ್ಠ 60 ಮಿ.ಮೀ. ಸಾದಾ ಚೌಕಟ್ಟು ಬಿಟ್ಟು ಒಳಗೆ ಡಿಸೈನ್ ಕೊರೆಯಿಸಬೇಕು.

ಪಿಯು ಬಣ್ಣವನ್ನು ನಿಮ್ಮ ಮನೆಯ ಅಂಗಳದಲ್ಲಿ ಹೊಡೆಸಬೇಡಿ. ಇಲ್ಲಿ ಬೇಸಿಗೆಯಲ್ಲಿ ಗಾಳಿ ಎದ್ದರೆ ಧೂಳು ಹಸಿ ಬಣ್ಣದ ಮೇಲೆ ಕೂರುತ್ತದೆ, ಮಳೆಗಾಲದಲ್ಲಿ ಗಾಳಿಯ ತೇವ ಬಣ್ಣ ಗಟ್ಟಿಯಾಗಿಸುವ ಹಾರ್ಡನರ್ ಜೊತೆ ಸೇರಿ ಗುಳ್ಳೆ ಏಳಿಸುತ್ತದೆ. ಮುಚ್ಚಿದ ಬೂತ್ ಇರುವ ವರ್ಕ್‌ಶಾಪಿನಲ್ಲೇ ಆಗಬೇಕು. ಸೀಲರ್, ಪ್ರೈಮರ್, ಪ್ರತಿ ಕೋಟಿನ ನಡುವೆ ಪಾಲಿಶ್ ಕಾಗದದ ಉಜ್ಜು, ಆಮೇಲೆ ಎರಡು ಮೂರು ಮೇಲ್ಕೋಟು. ಹಿಂಬದಿಗೂ ಅಂಚಿಗೂ ಅಷ್ಟೇ ಕೋಟು ಬಿದ್ದಿದೆಯೇ ನೋಡಿ. ಹಿಂದೆ ಬರೀ ಪ್ರೈಮರ್ ಬಿಟ್ಟ ಬಾಗಿಲು ಬಾಗುತ್ತದೆ. ಪಾತ್ರೆ ತಾಗಿ ಮೂಲೆ ಸಿಡಿದರೆ ಆ ಚುಕ್ಕೆಯಷ್ಟೇ ತೇಪೆ ಹಾಕಿದರೆ ಗುರುತು ಉಳಿಯುತ್ತದೆ, ಇಡೀ ಬಾಗಿಲು ಮತ್ತೆ ಬಣ್ಣಕ್ಕೆ ಹೋಗಬೇಕು.

ಸಾಗುವಾನಿಯಲ್ಲಿ ಮಾಡಿಸುವವರಿಗೆ ಒಂದೇ ಮಾತು: ನಡುವಿನ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟಿಲ್ಲದೆ ಸಡಿಲವಾಗಿ ಕೂರಿಸಬೇಕು, ಎರಡೂ ಪಕ್ಕ 2ರಿಂದ 3 ಮಿ.ಮೀ. ಜಾಗ ಬಿಟ್ಟು. ಮೇ ತಿಂಗಳಲ್ಲಿ ಕುಗ್ಗಿ ಆಗಸ್ಟಿನಲ್ಲಿ ಹಿಗ್ಗುವ ಹಲಗೆಗೆ ಆ ಜಾಗವಿಲ್ಲದಿದ್ದರೆ ಚೌಕಟ್ಟಿನ ಕೀಲೇ ಬಿಡುತ್ತದೆ.

ಗಾಜು

ಒಲೆ ಎದುರಿನ, ಪಕ್ಕದ ಮೇಲ್ಸಾಲಿಗೆ ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಬಾಗಿಲು ನಮಗೆ ತುಂಬ ಮೆಚ್ಚುಗೆ. ಎಣ್ಣೆ ಜಿಡ್ಡು ಒರೆಸಿದರೆ ಹೋಗುತ್ತದೆ, ಹಬೆಗೆ ಉಬ್ಬುವ ಮಾತೇ ಇಲ್ಲ. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕೆ.ಜಿ. ತೂಗುತ್ತದೆ, ಅಂದರೆ 720 ಮತ್ತು 450 ಮಿ.ಮೀ. ಬಾಗಿಲಿಗೆ ಗಾಜೇ ಸುಮಾರು 3.2 ಕೆ.ಜಿ. ಟಫನ್ಡ್ ಗಾಜನ್ನೇ ಕೇಳಿ. ಆದರೆ ಅದನ್ನು ಗಟ್ಟಿಗೊಳಿಸಿದ ಮೇಲೆ ಕತ್ತರಿಸಲು, ತೂತು ಹಾಕಲು ಬರುವುದಿಲ್ಲ. ಹಿಡಿಕೆಯ ರಂಧ್ರ, ಅಳತೆ ಎಲ್ಲ ಮೊದಲೇ ಕೊಡಬೇಕು. ಪೂರ್ತಿ ಪಾರದರ್ಶಕ ಬೇಡ, ಒಳಗಿನ ಡಬ್ಬಿಗಳ ಸಾಲು ಸದಾ ನೆಟ್ಟಗಿಡಬೇಕಾಗುತ್ತದೆ. ಗೆರೆಗಾಜು ಅಥವಾ ಹಿಂದೆ ಬಣ್ಣ ಬಳಿದ ಗಾಜು ಸಾಕು.

ಹಿಡಿಕೆ ಇಲ್ಲದ ಬಾಗಿಲು

ಕಟ್ಟೆಯ ಕೆಳಗೇ ಉದ್ದಕ್ಕೂ ಅಲ್ಯೂಮಿನಿಯಂ ತೋಡು ಕೂರಿಸಿ, ಬೆರಳು ತೂರಿಸಿ ಬಾಗಿಲು ಎಳೆಯುವ ಪದ್ಧತಿ ಇದು. ರೊಟ್ಟಿ ಬಡಿಯುವ ಕಟ್ಟೆಯ ಕೆಳಗೆ ಆ ತೋಡು ಹಿಟ್ಟಿನ ತೊಟ್ಟಿಯಾಗುತ್ತದೆ, ಅದರೊಳಗೆ ಹನಿ ನೀರು ಬಿದ್ದರೆ ಹುಳಿತ ಹಿಟ್ಟಿನ ವಾಸನೆ. ಇದೇ ಬೇಕೆಂದರೆ ಕಟ್ಟೆಯ ಕಲ್ಲು ಶಟರ್‌ಗಿಂತ 20ರಿಂದ 25 ಮಿ.ಮೀ. ಮುಂದೆ ಬಂದಿರಲಿ, ಕಲ್ಲಿನ ತಳದಲ್ಲಿ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ಒಂದು ಸಣ್ಣ ಗೆರೆ ಕೊರೆಯಿಸಿ. ಹನಿ ಆ ಗೆರೆ ದಾಟಿ ಒಳಗೆ ಬರುವುದಿಲ್ಲ. ಇದು ಹಿಡಿಕೆ ಇರುವ ಬಾಗಿಲಿಗೂ ಒಳ್ಳೆಯದು, ಶಟರ್‌ನ ಮೇಲಂಚು ಉಳಿಯುತ್ತದೆ. ಸಾದಾ ಹಿಡಿಕೆ ಹಾಕುವವರು ರಂಧ್ರಗಳ ಅಂತರ 96, 128 ಅಥವಾ 160 ಮಿ.ಮೀ. ಇರುವುದನ್ನೇ ಆರಿಸಿ, ಮುಂದೆ ಬದಲಿಸಲು ಅದೇ ಅಳತೆಯದು ಸುಲಭಕ್ಕೆ ಸಿಗುತ್ತದೆ.

ಗ್ಯಾಸ್ ಸಿಲಿಂಡರ್ ಇಡುವ ಬಾಗಿಲಿಗೆ ಮಾತ್ರ ಅಂದದ ಚರ್ಚೆ ಬೇಡ: ಕೆಳಭಾಗದಲ್ಲಿ ಜಾಲಿ ಅಥವಾ ಪಟ್ಟಿಯ ಸಂದಿ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಮೇಲೆ ತೂತು ಬಿಟ್ಟರೆ ಪ್ರಯೋಜನವಿಲ್ಲ. 14.2 ಕೆ.ಜಿ. ಸಿಲಿಂಡರ್ ಸರಾಗವಾಗಿ ಹೋಗಿ ಬರಲು ಒಳಅಗಲ 400 ಮಿ.ಮೀ. ಆದರೂ ಇಡಿ.

ಹಳೆಯ ಫರ್ಸಿ ಕಟ್ಟೆಗೆ ಬಾಗಿಲು

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಕಟ್ಟೆಯ ಕೆಳಗೆ ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ, ನಿಲ್ಲಿಸಿ ಖಾನೆ ಮಾಡಿರುತ್ತಾರೆ. ಗೆದ್ದಲಿಲ್ಲ, ನೀರಿನ ಚಿಂತೆ ಇಲ್ಲ, ಅದನ್ನು ಒಡೆದು ಪ್ಲೈ ಬಾಕ್ಸ್ ಕೂರಿಸುವುದು ದಂಡ. ಬರೀ ಬಾಗಿಲು ಹಾಕಿದರೆ ಸಾಕು. ತೊಂದರೆ ಬರುವುದು ಅಳತೆಯಲ್ಲಿ. ಪ್ರತಿ ಖಾನೆಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎತ್ತರವನ್ನು ಎಡಬಲ ಎರಡು ಕಡೆ, ಜೊತೆಗೆ ಎರಡು ಕರ್ಣ ಅಳೆಯಬೇಕು. ಒಂದು ಖಾನೆಯ ಅಳತೆಯನ್ನು ಇನ್ನೊಂದಕ್ಕೆ ಬಳಸಬಾರದು. ಕರ್ಣಗಳಲ್ಲಿ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಾಗಿಲನ್ನು ಓರೆ ಕೊಯ್ಯುವ ಬದಲು ಒಳಗೆ ಪಟ್ಟಿ ಕೂರಿಸಿ ಚೌಕ ಸರಿಮಾಡಿಕೊಳ್ಳಿ.

ಹಿಂಜ್ ನೇರವಾಗಿ ಕಲ್ಲಿಗೆ ಕೂರುವುದಿಲ್ಲ. 18 ಮಿ.ಮೀ. ದಪ್ಪ, ಮೂರು ಇಂಚು ಅಗಲದ ಡಬ್ಲ್ಯೂಪಿಸಿ (ಕಟ್ಟಿಗೆ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಪಟ್ಟಿಯನ್ನು ಫರ್ಸಿಯ ಅಗಲ ಮುಖಕ್ಕೆ ಪ್ಲಗ್ ಹಾಕಿ ಬಿಗಿಸಬೇಕು. ಶಹಾಬಾದ್ ಕಲ್ಲು ಪದರ ಪದರವಾಗಿ ಬಿಡುವ ಸುಣ್ಣಕಲ್ಲು. ಅದರ ದಪ್ಪದ ಅಂಚಿಗೆ ಡ್ರಿಲ್ ಇಟ್ಟರೆ ಸೀಳುತ್ತದೆ. ಮುಖಕ್ಕೇ, ಅಂಚಿನಿಂದ ಎರಡು ಇಂಚು ಒಳಗೆ, ಹ್ಯಾಮರ್ ಮೋಡ್ ಇಲ್ಲದೆ ನಿಧಾನಕ್ಕೆ ಕೊರೆಯಲಿ. ಕಲ್ಲಿನ ಅಂಚು ಕಾಣುವಂತೆ ಬಾಗಿಲು ಖಾನೆಯ ಒಳಗೆ ಕೂರುವುದಾದರೆ 16 ಕ್ರ್ಯಾಂಕ್ (ತೋಳಿನ ಬಾಗು ಹೆಚ್ಚಿರುವ) ಹಿಂಜ್ ಬೇಕು. ಪ್ಲೈ ಬಾಕ್ಸಿನ ಅಂಚನ್ನು ಪೂರ್ತಿ ಮುಚ್ಚುವ ಬಾಗಿಲಿಗೆ ಝೀರೋ ಕ್ರ್ಯಾಂಕ್, ಒಂದೇ ಹಲಗೆಯನ್ನು ಎರಡು ಬಾಗಿಲು ಹಂಚಿಕೊಂಡರೆ 8 ಕ್ರ್ಯಾಂಕ್. ಅಂಗಡಿಯಲ್ಲಿ ಬರೀ ಸಾಫ್ಟ್ ಕ್ಲೋಸ್ (ಮೆಲ್ಲಗೆ ಮುಚ್ಚುವ) ಹಿಂಜ್ ಕೊಡಿ ಎಂದು ತಂದರೆ ಅರ್ಧ ವಾಪಸ್ ಹೋಗುತ್ತವೆ.

ಅಳತೆ, ಹಿಂಜ್, ಕೊಟೇಶನ್

ಬಾಗಿಲ ಅಗಲವನ್ನು 450ರ ಬದಲು 400 ಮಿ.ಮೀ.ಗೆ ಇಳಿಸಿದರೆ ಬೋರ್ಡು ಎಷ್ಟು ಉಳಿಯುತ್ತದೆ ನೋಡಿ. 8 ಅಡಿ 4 ಅಡಿ ಹಾಳೆ ಅಂದರೆ 2440 ಮತ್ತು 1220 ಮಿ.ಮೀ. 720 ಮಿ.ಮೀ. ಎತ್ತರದ ಬಾಗಿಲು ಉದ್ದಕ್ಕೆ ಮೂರು ಕೂರುತ್ತವೆ. ಅಡ್ಡಕ್ಕೆ 400ರದು ಗರಗಸದ ಕಡಿತ ಸೇರಿಸಿಯೂ ಮೂರು, 450ರದು ಎರಡೇ. ಒಂದು ಹಾಳೆಗೆ ಒಂಬತ್ತು ಬಾಗಿಲು ಎಲ್ಲಿ, ಆರು ಎಲ್ಲಿ! ಕಿರಿದಾದ ಬಾಗಿಲು ಹಿಂಜಿನ ಮೇಲೂ ಕಡಿಮೆ ಜಗ್ಗುತ್ತದೆ. ಒಂದು ಬಾಗಿಲು 500 ಮಿ.ಮೀ. ಅಗಲ ದಾಟುವುದಾದರೆ ಎರಡಾಗಿ ಸೀಳುವುದೇ ಲೇಸು.

ಎತ್ತರ 900 ಮಿ.ಮೀ.ವರೆಗೆ ಎರಡು ಹಿಂಜ್, 1600ರವರೆಗೆ ಮೂರು. ಬಾಗಿಲುಗಳ ನಡುವೆ 3 ಮಿ.ಮೀ. ಸಂದಿ ಒಂದೇ ಸಮ ಇರಬೇಕು. ನೆಲ ತೊಳೆಯುವ ಮನೆಗಳಲ್ಲಿ ಬಾಕ್ಸ್ 100 ಮಿ.ಮೀ. ಎತ್ತರದ ಪಿವಿಸಿ ಕಾಲಿನ ಮೇಲೆ ನಿಲ್ಲಲಿ. ಮೈಕಾ ಅಂಟಿಸಿದ ಬಾಗಿಲನ್ನು ಮಿಸ್ತ್ರಿ ಮಾಳಿಗೆ ಮೇಲೆ ಬಿಸಿಲಿಗೆ ಒರಗಿಸಿ ಒಣಗಿಸುವುದನ್ನು ಕಂಡರೆ ತಡೆಯಿರಿ, ಅಲ್ಲೇ ಅದು ಬಾಗುತ್ತದೆ. ನೆರಳಲ್ಲಿ, ಮಟ್ಟಸ ನೆಲದ ಮೇಲೆ, ಒಂದರ ಮೇಲೊಂದು ಪೇರಿಸಿ ಭಾರ ಹೇರಿ ಒಂದು ರಾತ್ರಿ ಬಿಡಬೇಕು. ಪ್ರೆಸ್ ಇರುವ ವರ್ಕ್‌ಶಾಪಾದರೆ ಈ ರಗಳೆಯೇ ಇಲ್ಲ.

ದರ ಚದರ ಅಡಿಗೆ ಹೇಳಿದಾಗ ಅದರಲ್ಲಿ ಬಾಕ್ಸ್ ಸೇರಿದೆಯೋ, ಬರೀ ಬಾಗಿಲ ಮುಖದ ಅಳತೆಯೋ ಎಂದು ಕೇಳಿ ಬರೆಸಿಕೊಳ್ಳಿ. ಕೊಟೇಶನ್‌ನಲ್ಲಿ ಪ್ಲೈಯ ಐಎಸ್ ಸಂಖ್ಯೆ ಮತ್ತು ದರ್ಜೆ, ಮೈಕಾದ ಕಂಪನಿ, ಕೋಡ್, ದಪ್ಪ, ಅಂಚಿನ ಪಟ್ಟಿಯ ದಪ್ಪ ಮತ್ತು ಅಂಟು, ಹಿಂಜಿನ ಮಾಡೆಲ್, ಸಂಖ್ಯೆ ಇಷ್ಟೂ ಇರಬೇಕು. ಮೈಕಾದ ಬಣ್ಣ ಲಾಟ್‌ನಿಂದ ಲಾಟ್‌ಗೆ ಸ್ವಲ್ಪ ಬದಲಾಗುತ್ತದೆ. ಅದೇ ಲಾಟ್‌ನ ಒಂದು ಹಾಳೆ ಹೆಚ್ಚಿಗೆ ತರಿಸಿ ಮಂಚದ ಕೆಳಗೆ ಚಪ್ಪಟೆಯಾಗಿ ಇಟ್ಟುಕೊಳ್ಳಿ, ಸಿಂಕ್ ಬಾಗಿಲಿಗೆ ಎಂದಾದರೂ ಬೇಕಾಗುತ್ತದೆ. ಹೊರ ಊರಿನಿಂದ ಶಟರ್ ತರಿಸುವವರು ಕೊನೆಯ ಕಂತನ್ನು ಎಲ್ಲ ಬಾಗಿಲು ಕೂಡಿಸಿ, ತಳದ ಅಂಚು ಪರೀಕ್ಷಿಸಿ, ಹಿಂಜಿನ ಮೂರು ತಿರುಪು ತಿರುಗಿಸಿ ಸಂದಿ ಸಮ ಮಾಡಿಸಿಕೊಂಡ ಮೇಲೆಯೇ ಕೊಡಿ. ದಾರಿಯಲ್ಲಿ ಮೂಲೆ ಒಡೆದು ಬಂದ ಬಾಗಿಲಿಗೆ ಮೇಣ ತುಂಬಿ ಮುಚ್ಚಿರುತ್ತಾರೆ, ಟಾರ್ಚ್ ಅಡ್ಡ ಹಿಡಿದರೆ ಕಾಣುತ್ತದೆ.